ತಲೆ ನಿಲ್ಲದ ಹಾವು, ಒಂದೇ ಬೀಜದ ಟಗರು

ಮೈಲಾರದ ಸಮೀಪದ ಕುರುವತ್ತಿಯಲ್ಲಿ ಶಿವರಾತ್ರಿಯ ಆಸುಪಾಸಿಗೆ ಬಸವೇಶ್ವರನ ಜಾತ್ರೆ ಕೂಡುತ್ತದೆ. ದನದ ವ್ಯಾಪಾರಕ್ಕೂ ಹೆಸರಾದ ಜಾತ್ರೆ ಅದು. ಹೋರಿ ಕೊಳ್ಳಲು ಬಂದವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಮೈಮೇಲಿನ ಸುಳಿ ಹುಡುಕುತ್ತಾನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು ಆಮೇಲಿನ ಮಾತು. ಸುಳಿಯ ಶಾಸ್ತ್ರದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆ ಹುಡುಕಾಟದ ಹಿಂದಿನ ಅನುಮಾನವನ್ನು ಮೂಢನಂಬಿಕೆ ಎನ್ನಲಾರೆ. ಈ ಪ್ರಾಣಿಯಲ್ಲಿ ನನ್ನ ಕಣ್ಣಿಗೆ ಬೀಳದ್ದು ಏನೋ ಇರಬಹುದು, ಮಾರುವವನಿಗೆ ಅದು ಗೊತ್ತಿರಬಹುದು ಎಂಬ ಅನುಮಾನ ಅದು. ಹಲ್ಲನ್ನು ಯಾರು ಬೇಕಾದರೂ ನೋಡಬಹುದು. ಇದರ ಅಪ್ಪ ಯಾವುದು, ಇದರ ತಾಯಿ ಹಿಂದಿನ ಸಲ ಹಾಕಿದ ಕರು ಬದುಕಿತೇ ಇಲ್ಲವೇ ಎಂಬುದು ಸಾಕಿದವನಿಗೆ ಮಾತ್ರ ಗೊತ್ತು.

ತಳಿ ಬೆಳೆಸಿ ಮಾರುವವನ ಹೊಣೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಮೈಮೇಲಿನ ಕುಂದನ್ನು ಕೊಳ್ಳುವವನು ಕಾಣಬಲ್ಲ, ರಕ್ತದೊಳಗಿನದನ್ನು ಕಾಣಲಾರ. ದನ, ಕುರಿ, ನಾಯಿಗಳ ಮಟ್ಟಿಗೆ ಇದು ಹಳೆಯ ತಕರಾರು. ಹೊಸದಾಗಿ ಸೇರಿಕೊಂಡದ್ದು ಹಾವು. ಹಾವಿನ ವಿಷಯದಲ್ಲಿ ಈ ಪ್ರಶ್ನೆ ಯಾವ ಮುಚ್ಚುಮರೆಯೂ ಇಲ್ಲದೆ ಬೆತ್ತಲೆಯಾಗಿ ನಿಲ್ಲುತ್ತದೆ. ಹಾವು ಹಾಲು ಕೊಡುವುದಿಲ್ಲ, ಗಾಡಿ ಎಳೆಯುವುದಿಲ್ಲ, ಮನೆ ಕಾಯುವುದಿಲ್ಲ. ಸಾಕುವವರು ಕೊಳ್ಳುವುದು ಅದರ ಅಂದಕ್ಕಾಗಿ. ಆ ಅಂದವೇ ಕಾಯಿಲೆಯಾಗಿದ್ದರೆ?

2023ರ ಸೆಪ್ಟೆಂಬರ್ 6ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ವಿಮಾನದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ 6 ಕಪುಚಿನ್ ಕೋತಿಗಳು, ಉಳಿದ 55 ಬಾಲ್ ಪೈಥಾನ್‌ಗಳು. ಕೋತಿಗಳ ಸಾವೂ ಕಾಳಿಂಗಗಳೂ ಸುದ್ದಿಯಾದವು. ನನ್ನ ಗಮನ ನಿಂತದ್ದು ಆ 55 ಹಾವುಗಳ ಬಗ್ಗೆ ಬಂದ ಒಂದು ವಿವರದ ಮೇಲೆ: ಅವು ಮಾರ್ಫ್‌ಗಳು, ಬೇರೆ ಬೇರೆ ಬಣ್ಣಕ್ಕೆಂದು ಬೆಳೆಸಿದ ತಳಿಗಳು. ಅಂದರೆ ಕಾಡಿನಿಂದ ಹಿಡಿದು ತಂದವಲ್ಲ. ಎಲ್ಲೋ ಒಬ್ಬ ಸಾಕಣೆದಾರ ಲೆಕ್ಕ ಹಾಕಿ ಗಂಡು ಹೆಣ್ಣು ಕೂಡಿಸಿ, ಬಣ್ಣಕ್ಕಾಗಿ ಮೊಟ್ಟೆಯೊಡೆಸಿದ ಮರಿಗಳು. ಬದುಕಿದ್ದ ಪ್ರಾಣಿಗಳನ್ನು ಬಂದ ದೇಶಕ್ಕೇ ವಾಪಸ್ ಕಳಿಸಲಾಯಿತು. ಸಿಕ್ಕಿಬೀಳದೆ ದಾಟಿದ ಪೆಟ್ಟಿಗೆಗಳ ಹಾವುಗಳು ಗಾಜಿನ ತೊಟ್ಟಿಗಳಿಗೆ ಹೋಗುತ್ತವೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಬ್ಬಾವು. ನಮ್ಮ ಹೆಬ್ಬಾವಿನ ಮುಂದೆ ಬಹಳ ಚಿಕ್ಕದು, ನಾಲ್ಕೈದು ಅಡಿ. ಹೆದರಿದರೆ ಕಚ್ಚಲು ಬರುವುದಿಲ್ಲ, ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಂಡುಬಿಡುತ್ತದೆ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ಲಕ್ಷಗಟ್ಟಲೆ ರಫ್ತಾಗಿ ಅಮೆರಿಕ, ಯುರೋಪುಗಳ ಮನೆಗಳಿಗೆ ಹೊಕ್ಕಿತು. ಕಾಡಿನ ಬಣ್ಣ ಕಂದು ಮತ್ತು ಕಪ್ಪು. ಬಣ್ಣ ತಪ್ಪಿ ಹುಟ್ಟಿದ ಒಂದು ಹಾವು ಸಿಕ್ಕರೆ ಅದರಿಂದ ತಳಿ ಎಬ್ಬಿಸಬಹುದು ಎಂಬುದು 1992ರಲ್ಲಿ ಬಿಳಿಚು ಬಣ್ಣದ ಆಲ್ಬಿನೊ ಮರಿಗಳು ಸಾಕಣೆಯಲ್ಲಿ ಹುಟ್ಟಿದಾಗ ಖಚಿತವಾಯಿತು. ಅಲ್ಲಿಂದ ಮುಂದೆ ಹೊಸ ಬಣ್ಣ ಹುಡುಕುವ ಭರಾಟೆ. ಇಂದು ಒಂದೊಂದು ಜೀನ್‌ಗೂ ಹೆಸರಿದೆ, ಎರಡು ಮೂರು ಜೀನ್‌ಗಳನ್ನು ಕೂಡಿಸಿದ ಹಾವುಗಳಿಗೂ ಹೆಸರಿದೆ, ಹೆಸರಿಗೆ ತಕ್ಕ ಬೆಲೆಯಿದೆ.

1999ರಲ್ಲಿ ಆಫ್ರಿಕಾದಿಂದ ಅಮೆರಿಕಕ್ಕೆ ಬಂದ ಒಂದು ಹಾವಿನ ಮೈಮೇಲೆ ಜೇಡರ ಬಲೆಯಂಥ ತೆಳು ಕಪ್ಪು ಗೆರೆಗಳಿದ್ದವು. ಅದಕ್ಕೆ ಸ್ಪೈಡರ್ ಎಂದು ಹೆಸರಾಯಿತು. ಸಾಮಾನ್ಯ ಹಾವಿನ ಜೊತೆ ಕೂಡಿಸಿದರೂ ಅರ್ಧದಷ್ಟು ಮರಿಗಳಿಗೆ ಅದೇ ಗೆರೆ. ವ್ಯಾಪಾರಿಗೆ ಇದಕ್ಕಿಂತ ಸಲೀಸಾದ ಜೀನ್ ಬೇಕಿಲ್ಲ: ಒಂದು ಗಂಡು ಸಾಕು, ಮೊದಲ ಸೂಲಿನಲ್ಲೇ ದುಡ್ಡು. ಗೆರೆಯ ಜೊತೆ ಇನ್ನೊಂದು ಲಕ್ಷಣವೂ ಮರಿಗಳಿಗೆ ಇಳಿದು ಬಂತು. ತಲೆ ನಡುಗುತ್ತದೆ. ಕೆಲವುಗಳಲ್ಲಿ ಕುತ್ತಿಗೆ ತಿರುಚಿ ತಲೆ ಮೇಲು ಕೆಳಗಾಗುತ್ತದೆ. ಮಗುಚಿ ಹಾಕಿದರೆ ಹೊಟ್ಟೆಯ ಮೇಲೆ ಹೊರಳಿಕೊಳ್ಳಲು ಒದ್ದಾಡುತ್ತದೆ. ಇಲಿಯ ಮೇಲೆ ಎಗರಿದರೆ ಗುರಿ ಪಕ್ಕಕ್ಕೆ ಬೀಳುತ್ತದೆ. ಹೆದರಿದಾಗ, ಹಸಿದಾಗ ನಡುಕ ಹೆಚ್ಚು. ಸಾಕಣೆದಾರರು ಇದಕ್ಕೆ ಇಟ್ಟ ಹೆಸರು ವಾಬಲ್. ಒಂದರಲ್ಲಿ ಕಂಡೂ ಕಾಣದಷ್ಟು, ಅದರ ಒಡಹುಟ್ಟಿದ ಮತ್ತೊಂದರಲ್ಲಿ ಉಣ್ಣಲೂ ಆಗದಷ್ಟು. ಯಾವ ಮರಿಗೆ ಎಷ್ಟು ಎಂದು ಮೊಟ್ಟೆಯೊಡೆಯುವ ಮುಂಚೆ ಯಾರೂ ಹೇಳಲಾರರು.

ಬಹಳ ಕಾಲ ಮಾರಾಟಗಾರರ ಕಡೆಯಿಂದ ಬಂದ ಉತ್ತರ ಹೀಗಿತ್ತು: ತಿನ್ನುತ್ತದೆ, ಬೆಳೆಯುತ್ತದೆ, ಮೊಟ್ಟೆಯಿಡುತ್ತದೆ, ಮತ್ತೇನು ಬೇಕು? ಇದು ಹತ್ತಿ ಇಳುವರಿಯ ಲೆಕ್ಕವೇ ಹೊರತು ಜೀವಿಯ ಸುಖದ ಲೆಕ್ಕವಲ್ಲ. ಎರಡನೆಯ ಉತ್ತರ ಕೊಂಚ ಗೌರವಸ್ಥವಾದದ್ದು. ನಡುಕ ಕಡಿಮೆಯಿರುವ ಹಾವುಗಳನ್ನೇ ಆರಿಸಿ ಕೂಡಿಸುತ್ತ ಹೋದರೆ ಗೆರೆ ಉಳಿದು ನಡುಕ ಹೋದೀತು ಎಂಬ ಭರವಸೆ. ಎರಡು ದಶಕ ದಾಟಿದರೂ ಗೆರೆಯಿಂದ ನಡುಕ ಬೇರ್ಪಡಲಿಲ್ಲ. 2014ರಲ್ಲಿ ಬ್ರಿಟನ್ನಿನ ಪಶುವೈದ್ಯರು ಈ ನರದೋಷವನ್ನೂ ಅದರಿಂದ ಹಾವಿಗಾಗುವ ತೊಂದರೆಯನ್ನೂ ವೈದ್ಯಪತ್ರಿಕೆಯಲ್ಲಿ ವಿವರಿಸಿದರು. 2022ರಲ್ಲಿ ಜರ್ಮನಿಯ ಮಥಿಯಾಸ್ ಸ್ಟಾರ್ಕ್ ಮತ್ತು ಸಂಗಡಿಗರು ಸ್ಪೈಡರ್ ಹಾವುಗಳ ತಲೆಯನ್ನು ಸೂಕ್ಷ್ಮ ಸ್ಕ್ಯಾನಿಗೆ ಒಡ್ಡಿ ನೋಡಿದಾಗ ಒಳಗಿವಿಯೇ ವಿಕಾರವಾಗಿರುವುದು ಕಂಡಿತು. ಸಮತೋಲ ಕಾಯುವ ಅರ್ಧವೃತ್ತ ನಾಳಗಳು ರೂಪ ಕೆಟ್ಟು ಹಿಗ್ಗಿದ್ದವು, ಸ್ಯಾಕ್ಯುಲಸ್ ಎಂಬ ಪುಟ್ಟ ಚೀಲ ಕುಗ್ಗಿತ್ತು. ಮೈಯ ಬಣ್ಣದ ಕೋಶಗಳೂ ಒಳಗಿವಿಯ ಕೆಲವು ಕೋಶಗಳೂ ಭ್ರೂಣದಲ್ಲಿ ಒಂದೇ ಕಡೆಯಿಂದ ಹೊರಟು ಬರುತ್ತವೆ. ಬಿಳಿ ಬೆಕ್ಕುಗಳಲ್ಲಿ, ಡಾಲ್ಮೇಶಿಯನ್ ನಾಯಿಗಳಲ್ಲಿ ಕಿವುಡು ಹೆಚ್ಚಿರುವುದರ ಕಾರಣವೂ ಅಲ್ಲೇ ಇದೆ. ಹಾಗಾಗಿ ಸ್ಪೈಡರ್‌ನ ಗೆರೆಯನ್ನು ಉಳಿಸಿಕೊಂಡು ನಡುಕವನ್ನು ತೆಗೆಯುವುದು ಆಗದ ಕೆಲಸ ಎಂದೇ ನಾನು ತಿಳಿದಿದ್ದೇನೆ. ಎರಡು ಸ್ಪೈಡರ್‌ಗಳನ್ನು ಕೂಡಿಸಿದಾಗ ಜೀನಿನ ಎರಡು ಪ್ರತಿ ಪಡೆದ ಮರಿ ಬದುಕಿ ಬಂದದ್ದು ಸಾಬೀತಾಗಿಲ್ಲ. ಮೊಟ್ಟೆಯಲ್ಲೇ ಸಾಯುತ್ತವೆ ಎಂಬುದು ಸಾಕಣೆದಾರರ ತಿಳಿವಳಿಕೆ.

ಸ್ಪೈಡರ್ ಒಂದೇ ಅಲ್ಲ. ವೋಮಾ, ಶಾಂಪೇನ್ ಎಂಬ ಮಾರ್ಫ್‌ಗಳಲ್ಲೂ ಇದೇ ನಡುಕ. ಕ್ಯಾರಮೆಲ್ ಆಲ್ಬಿನೊದಲ್ಲಿ ಬೆನ್ನುಮೂಳೆ ಸೊಟ್ಟಗಾಗುವುದುಂಟು. ಸಿನಮನ್ ಜೀನಿನ ಎರಡು ಪ್ರತಿ ಕೂಡಿದರೆ ಮೂತಿ ಬಾತಿನ ಕೊಕ್ಕಿನಂತೆ ಚಪ್ಪಟೆಯಾಗುವುದುಂಟು. ಡೆಸರ್ಟ್ ಎಂಬ ಮಾರ್ಫ್‌ನ ಹೆಣ್ಣುಗಳಿಗೆ ಮೊಟ್ಟೆಯಿಡುವುದೇ ಸಂಕಟ. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಡೆಸರ್ಟ್ ಹೆಣ್ಣನ್ನು ಗಂಡಿಗೆ ಬಿಡದಿದ್ದರೆ ಅದು ಆರಾಮಾಗಿ ಬದುಕಬಹುದು. ಅಲ್ಲಿ ಮಾರುವವನು ಒಂದು ಮಾತು ತಿಳಿಸಿದರೆ ಹಾವಿಗೂ ಕೊಳ್ಳುವವನಿಗೂ ಒಳ್ಳೆಯದು. ಸಿನಮನ್ ಎರಡನ್ನು ಕೂಡಿಸದಿದ್ದರೆ ಮುಗಿಯಿತು. ಸ್ಪೈಡರ್‌ನದು ಹಾಗಲ್ಲ. ಅದನ್ನು ಯಾವುದರ ಜೊತೆ ಕೂಡಿಸಿದರೂ ಹುಟ್ಟುವ ಅರ್ಧ ಮರಿಗಳ ಕಿವಿ ಕೆಟ್ಟಿರುತ್ತದೆ.

ಹಲ್ಲಿಯ ಜಾತಿಯ ಲೆಪರ್ಡ್ ಗೆಕ್ಕೊ ಸಾಕುವವರ ನಡುವೆ ನಡೆದದ್ದನ್ನೂ ಇಲ್ಲಿ ಹೇಳಬೇಕು, ಅದರಲ್ಲಿ ಬೇರೆಯದೇ ನಡತೆ ಕಾಣುತ್ತದೆ. ಲೆಮನ್ ಫ್ರಾಸ್ಟ್ ಎಂಬ ನಿಂಬೆಬಣ್ಣದ ಹೊಳಪಿನ ಮಾರ್ಫ್ ಕಾಣಿಸಿಕೊಂಡಾಗ ಸ್ಟೀವ್ ಸೈಕ್ಸ್ ಎಂಬ ಅಮೆರಿಕದ ಸಾಕಣೆದಾರ ಹರಾಜಿನಲ್ಲಿ ಅದನ್ನು ಕೊಂಡು ತಳಿ ಎಬ್ಬಿಸಿದ. ಮರಿಗಳ ಚರ್ಮದ ಮೇಲೆ ಬಿಳಿ ಗಂಟುಗಳೆದ್ದವು. ಅವು ಗೆಡ್ಡೆಗಳು. ಆತ ಆ ತಳಿ ನಿಲ್ಲಿಸಿ, ತನ್ನ ಹಲ್ಲಿಗಳ ಮಾದರಿಗಳನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರಿಗೆ ಒದಗಿಸಿದ. 2021ರಲ್ಲಿ ಲಿಯೊನಿಡ್ ಕ್ರುಗ್ಲ್ಯಾಕ್ ಅವರ ತಂಡ ಎಸ್‌ಪಿಐಎನ್‌ಟಿ1 ಎಂಬ ಜೀನಿನ ಕಡೆ ಬೊಟ್ಟು ಮಾಡಿತು. ಆ ಬಣ್ಣದ ಹಲ್ಲಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವಕ್ಕೆ ಗೆಡ್ಡೆ ಬರುತ್ತಿತ್ತು. ಹರಾಜಿನಲ್ಲಿ ಸುರಿದ ದುಡ್ಡು ಹೋದರೆ ಹೋಗಲಿ ಎಂದು ಕೈಬಿಟ್ಟವನ ವೃತ್ತಿಯೇನೂ ಮುಳುಗಲಿಲ್ಲ. ಸ್ಪೈಡರ್ ವ್ಯಾಪಾರದಲ್ಲಿ ಇದೇ ಧೈರ್ಯ ಯಾಕೆ ಹುಟ್ಟಲಿಲ್ಲ? ಗೆಡ್ಡೆ ಫೋಟೊದಲ್ಲಿ ಕಾಣುತ್ತದೆ, ನಡುಕ ಕಾಣುವುದಿಲ್ಲ. ಕಾರಣದಲ್ಲಿ ಅರ್ಧ ಇಷ್ಟೇ ಎಂದು ನನ್ನ ಗುಮಾನಿ.

ಹಾಗಾದರೆ ಕುಂದುಗಳಲ್ಲಿ ಎರಡು ಬಗೆ. ಒಂದು, ಒಳಗೆ ಅಡಗಿ ಕೂತು ಗಂಡು ಹೆಣ್ಣು ಎರಡೂ ಕಡೆಯಿಂದ ಬಂದಾಗ ಮಾತ್ರ ಮರಿಯನ್ನು ಕಾಡುವಂಥದ್ದು. ಇನ್ನೊಂದು, ಮಾರಾಟದ ಗುಣವೇ ಆಗಿರುವಂಥದ್ದು. ಮೊದಲ ಬಗೆಯನ್ನು ನಮ್ಮ ದೇಶ ಒಂದು ಕಡೆ ಚೆನ್ನಾಗಿಯೇ ನಿಭಾಯಿಸಿದೆ, ಹೈನು ರಾಸಿನಲ್ಲಿ. ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಆಸ್ಬಾರ್ನ್‌ಡೇಲ್ ಐವನ್‌ಹೊ ಎಂಬ ಹೋರಿ 1952ರಲ್ಲಿ ಹುಟ್ಟಿತು. ಹೆಸರಾಂತ ಹೋರಿ. ಅದರ ರಕ್ತದಲ್ಲಿ ಬಿ.ಎಲ್.ಎ.ಡಿ. ಎಂಬ ದೋಷ ಅಡಗಿತ್ತು: ಎರಡು ಪ್ರತಿ ಕೂಡಿದ ಕರುವಿನ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಹೋಗಿ ಅಂಟಿಕೊಳ್ಳಲಾರವು, ಕರು ಎಳೆಯದರಲ್ಲೇ ಸಾಯುತ್ತದೆ. ವೀರ್ಯದ ಕಡ್ಡಿಗಳ ಮೂಲಕ ಅದು ಲೋಕವನ್ನೆಲ್ಲ ಸುತ್ತಿತು. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡ ಚೀಫ್ ಎಂಬ ಇನ್ನೊಂದು ಹೋರಿಯ ಲೆಕ್ಕವಂತೂ ತಲೆ ಕೆಡಿಸುವಂಥದ್ದು. ಅದರ ಹೆಣ್ಣುಕರುಗಳೇ 16,000. ಅದರೊಂದು ಜೀನಿನ ದೋಷದಿಂದ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭಪಾತ, 42 ಕೋಟಿ ಡಾಲರ್ ನಷ್ಟ ಎಂದು ಅಂದಾಜು. ಅದೇ ಹೋರಿಯ ರಕ್ತ ಹೆಚ್ಚಿಸಿದ ಹಾಲಿನಿಂದ ಬಂದ ಲಾಭ 3,000 ಕೋಟಿ ಡಾಲರ್ ಎಂದೂ ಅಂದಾಜು. ದೋಷವಿಲ್ಲದ ಹೋರಿ ಬೇಕೆಂದು ಹಟ ಹಿಡಿದವನಿಗೆ ಈ ಲೆಕ್ಕ ಅಷ್ಟು ಸುಲಭವಾಗಿ ಉತ್ತರ ಕೊಡುವುದಿಲ್ಲ.

ಪರೀಕ್ಷೆ ಬಂದ ಮೇಲೆ ಆಟ ಬದಲಾಯಿತು. ಭಾರತದ ವೀರ್ಯ ಉತ್ಪಾದನಾ ಕೇಂದ್ರಗಳು ಪಾಲಿಸಬೇಕಾದ ಕನಿಷ್ಠ ಮಾನದಂಡದ ಪ್ರಕಾರ ಹೋಲ್‌ಸ್ಟೀನ್ ಹೋರಿಯನ್ನು ಬಿ.ಎಲ್.ಎ.ಡಿ., ಸಿಟ್ರುಲಿನೀಮಿಯ ಮುಂತಾದ ವಂಶವಾಹಿ ದೋಷಗಳಿಗೆ ಪರೀಕ್ಷಿಸಿಯೇ ಬಳಸಬೇಕು. ಹೆಸರಘಟ್ಟದ ಕೇಂದ್ರವಿರಲಿ, ಬೇರೆಡೆಯದಿರಲಿ, ಹಗರಿಬೊಮ್ಮನಹಳ್ಳಿಯ ರೈತ ತನ್ನ ಹಸುವಿಗೆ ಕೊಡಿಸುವ ಕಡ್ಡಿಯ ಹಿಂದೆ ಈ ಜಾಲರಿ ಇದೆ. ರೈತ ಅದನ್ನು ಕೇಳಬೇಕಾಗಿಯೂ ಇಲ್ಲ, ತಿಳಿದುಕೊಂಡಿರಬೇಕಾಗಿಯೂ ಇಲ್ಲ. ಹೊಣೆ ಬೀಜ ಕೊಡುವವನ ಮೇಲೆ, ಬೀಜ ಕೊಡುವ ಮುಂಚೆಯೇ ಬಿದ್ದಿದೆ. ತಳಿಗಾರಿಕೆಯ ನೀತಿಶಾಸ್ತ್ರದ ಮೇಲೆ ಎಷ್ಟು ಪುಸ್ತಕ ಬಂದರೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಹೊಳೆಯುವುದಿಲ್ಲ.

ಕುರಿಗೆ ಈ ಭಾಗ್ಯವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಡೆ ಬಳ್ಳಾರಿ ತಳಿಯ ಕುರಿ. ಕಂಬಳಿಗೆ ಒದಗುವ ಒರಟು ಉಣ್ಣೆ, ಬಿಸಿಲಿಗೆ ಬಗ್ಗದ ಮೈ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆ ಹಿಂಡು ತರುಬುತ್ತ ತುಂಗಭದ್ರೆಯ ನೀರಾವರಿಯ ಕಡೆಗೂ ಹೋಗಿ ಬರುವ ಕುರುಬರಿಗೆ ಬೀಜದ ಟಗರು ಅಂದರೆ ಹಿಂಡಿನ ಅರ್ಧ. ಟಗರು ಆರಿಸುವಾಗ ಅವರು ನೋಡುವುದು ಮೈಕಟ್ಟು, ಕಾಲು, ತಾಯಿಯ ಹಾಲು, ಎರಡೂ ಬೀಜ ಸರಿಯಾಗಿ ಇಳಿದಿವೆಯೇ ಎಂಬುದು. ಕಡೆಯದು ಅನುಭವದಿಂದ ಬಂದ ವಿವೇಕ. ಒಂದೇ ಬೀಜ ಇಳಿದ ಟಗರು ಮರಿ ಹುಟ್ಟಿಸಬಲ್ಲದು, ಆ ಕುಂದನ್ನು ಮುಂದಕ್ಕೂ ದಾಟಿಸಬಲ್ಲದು. ಕೆಳದವಡೆ ಹಿಂದೆ ಸರಿದ ಬಾಯಿ, ಒಳಕ್ಕೆ ಮಡಚಿ ಕಣ್ಣುಗುಡ್ಡೆಗೆ ಉಜ್ಜುವ ರೆಪ್ಪೆ ಇವೂ ವಂಶದಲ್ಲಿ ಇಳಿಯುವಂಥವು. ಇಂಥ ಟಗರನ್ನು ಬೀಜಕ್ಕೆ ಎಂದು ಸಂತೆಯಲ್ಲಿ ಮಾರುವುದು ಮೋಸ. ಮಾಂಸಕ್ಕೆ ಎಂದು ಮಾರುವುದು ಮೋಸವಲ್ಲ. ಈ ಎರಡು ದಾರಿಗಳ ನಡುವಿನ ಗೆರೆ ಕುರಿಗಾರನಿಗೆ ಬಹಳ ಅನುಕೂಲ. ಕುಂದಿರುವ ಪ್ರಾಣಿ ತಕ್ಕಡಿಗೆ ಹೋಗಿ ಅದರ ವಂಶ ಅಲ್ಲಿಗೆ ನಿಲ್ಲುತ್ತದೆ, ಸಾಕಿದವನಿಗೆ ದುಡ್ಡೂ ಸಿಗುತ್ತದೆ. ಹಾವು ಸಾಕುವವನಿಗೆ ಈ ಬಾಗಿಲು ಇಲ್ಲ. ಸೊಟ್ಟ ಬೆನ್ನಿನ ಮರಿಯನ್ನು ಒಂದೋ ಮಾರಬೇಕು, ಇಲ್ಲವೇ ಸಾಕಬೇಕು, ಇಲ್ಲವೇ ಕೊಲ್ಲಬೇಕು.

ಕುರಿಯಲ್ಲಿ ಕಣ್ಣಿಗೆ ಬೀಳದ ತೊಂದರೆ ಬೇರೆ. ಒಳ್ಳೆಯ ಟಗರು ಸಿಕ್ಕಿತೆಂದು ಅದನ್ನೇ ಹಿಂಡಿನಲ್ಲಿ ಎರಡು ವರ್ಷದ ಮೇಲೂ ಇಟ್ಟುಕೊಂಡರೆ ಅದರ ಮಗಳೇ ಅದರ ಮುಂದೆ ಬೆದೆಗೆ ಬರುತ್ತಾಳೆ. ಅಪ್ಪ ಮಗಳು ಕೂಡಿದ ಮರಿಯಲ್ಲಿ ಒಂದೇ ಜೀನಿನ ಎರಡು ಪ್ರತಿ ಒಂದೇ ಮೂಲದಿಂದ ಬಂದು ಸೇರುವ ಸಂಭವ ನಾಲ್ಕರಲ್ಲಿ ಒಂದು. ಅಡಗಿ ಕೂತ ದೋಷಗಳು ಹೊರಗೆ ಬರುವುದು ಹೀಗೆ. ಮರಿ ಸಣ್ಣದಾಗುವುದು, ಸಾಯುವುದು, ಕುರಿ ತಿರುಗಿ ಗಬ್ಬವಾಗದಿರುವುದು ಇವಕ್ಕೆ ಮೇವು, ಮಳೆ, ದೃಷ್ಟಿ ಎಂದು ನೂರು ಕಾರಣ ಹುಡುಕುತ್ತೇವೆ. ಟಗರನ್ನು ದೂರದ ಹಿಂಡಿನೊಡನೆ ಬದಲಿಸಿಕೊಳ್ಳುವ ಪದ್ಧತಿಯನ್ನು ಬಿಡದೆ ಪಾಲಿಸುವ ಹಿರಿಯರು, ಇಂಗ್ಲಿಷು ಬಾರದಿದ್ದರೂ, ಬಣ್ಣದ ಹಾವಿನ ಸಾಕಣೆದಾರನಿಗೆ ಪಾಠ ಹೇಳಬಲ್ಲವರು. ಅಪರೂಪದ ಬಣ್ಣವನ್ನು ಗಟ್ಟಿ ಮಾಡಲು ಆತ ಮಾಡುವುದೇ ತಾಯಿ ಮಗ, ಅಣ್ಣ ತಂಗಿಯರ ಕೂಡಿಕೆ.

ಈಚೆಗೆ ನಮ್ಮ ಕಡೆಯ ಕುರಿಗಾರರ ಬಾಯಲ್ಲಿ ಕೇಳಿಬರುವ ಹೆಸರು ನಾರಿ ಸುವರ್ಣ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ತಳಿ. ಸುಂದರಬನದ ಗರೋಲ್ ಕುರಿಯಿಂದ ಬಂದ ಫೆಕ್‌ಬಿ ಜೀನ್, ಡೆಕ್ಕನಿ, ನಮ್ಮ ಬನ್ನೂರು, ಇಸ್ರೇಲಿನ ಅವಾಸಿ ಎಲ್ಲ ಸೇರಿದ್ದು. ಫೆಕ್‌ಬಿ ಇದ್ದರೆ ಅವಳಿ ಮರಿ. ಇದು ಕುಂದಲ್ಲ, ಗುಣವೇ. ಆದರೂ ಇಲ್ಲಿ ಎತ್ತುತ್ತಿರುವುದು ಒಂದು ಕಾರಣಕ್ಕೆ. ಅವಳಿ ಮರಿಗೆ ಹಾಲು ಬೇಕು, ಹಾಲಿಗೆ ಮೇವು ಬೇಕು. ಕೊಟ್ಟಿಗೆಯಲ್ಲಿ ಹಿಂಡಿ ತಿನ್ನಿಸುವವನಿಗೆ ವರವಾದ ಜೀನ್, ಬೇಸಿಗೆಯ ಕೂಡ್ಲಿಗಿ ಗುಡ್ಡದಲ್ಲಿ ಹತ್ತಾರು ಮೈಲಿ ನಡೆಸುವವನಿಗೆ ಎರಡು ಬಡಕಲು ಮರಿ ಮತ್ತು ಒಂದು ಸೋತ ತಾಯಿಯಾಗಬಹುದು. ಟಗರು ಮಾರುವವನು ಅವಳಿಯ ಮಾತು ಮಾತ್ರ ಆಡಿ ಮೇವಿನ ಮಾತು ನುಂಗಿದರೆ, ರಕ್ತದಲ್ಲಿ ಯಾವ ದೋಷವಿಲ್ಲದಿದ್ದರೂ ಅವನ ವ್ಯಾಪಾರದಲ್ಲಿ ದೋಷವಿದೆ. ಕುಂದು ಎಂಬುದು ಜೀನಿನೊಳಗೆ ಮಾತ್ರ ಇರುವಂಥದ್ದಲ್ಲ, ಪ್ರಾಣಿ ಹೋಗಿ ಸೇರುವ ಮನೆಯಲ್ಲೂ ಇರುತ್ತದೆ.

ನಾಯಿಯ ವಿಷಯ ಇಲ್ಲಿ ಚಿಕ್ಕದಾಗಿ. ಮೈಲಾರಲಿಂಗನ ಸೀಮೆಯಲ್ಲಿ ನಾಯಿ ಕೀಳು ಪ್ರಾಣಿಯಲ್ಲ, ಕಂಬಳಿ ಹೊದ್ದ ಗೊರವರು ದೇವರ ಮುಂದೆ ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ನಾಡಿದು. ಇಲ್ಲಿನ ಪೇಟೆಗಳಲ್ಲೂ ಈಗ ಪಗ್ ಕಾಣುತ್ತದೆ. 2003ರ ಹಚ್ ಮೊಬೈಲ್ ಜಾಹೀರಾತು ಆ ಚಪ್ಪಟೆ ಮೂತಿಯನ್ನು ದೇಶಕ್ಕೆಲ್ಲ ಮುದ್ದು ಮಾಡಿತು. ಮೂತಿ ಚಪ್ಪಟೆಯಾದಷ್ಟೂ ಬೆಲೆ, ಚಪ್ಪಟೆಯಾದಷ್ಟೂ ಉಸಿರಿನ ದಾರಿ ಇಕ್ಕಟ್ಟು. ನಾಯಿ ಮೈ ತಣಿಸಿಕೊಳ್ಳುವುದು ತೇಕುವುದರಿಂದ. ಏಪ್ರಿಲ್ ಬಿಸಿಲಿನ ಬಳ್ಳಾರಿ ಸೀಮೆಗೆ ಅದನ್ನು ಮಾರುವವನು ಸ್ಪೈಡರ್ ಮಾರುವವನ ಅಣ್ಣನೇ. ಇದಕ್ಕೆ ಎದುರಾಗಿ ಮುಧೋಳ ನಾಯಿ ಇದೆ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಓಟಕ್ಕಾಗಿ ಆರಿಸಿದ ನಾಯಿಯಾದ್ದರಿಂದ ಉಸಿರು ಕಟ್ಟುವ ಮೂತಿ ಅದರಲ್ಲಿ ಉಳಿಯುವಂತೆಯೇ ಇರಲಿಲ್ಲ. 2020ರ ಆಗಸ್ಟಿನಲ್ಲಿ ಪ್ರಧಾನಿ ಬಾನುಲಿ ಭಾಷಣದಲ್ಲಿ ಅದರ ಹೆಸರೆತ್ತಿದ ಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದಾಗಲೇ ಸಿಕ್ಕ ಸಿಕ್ಕ ಒಡಹುಟ್ಟುಗಳನ್ನು ಕೂಡಿಸುವ ಆಸೆಯೂ ಏರುವುದು.

ಕಾನೂನು ಏನು ಹೇಳುತ್ತದೆ? ನಮ್ಮ ನೆಲದ ಹಾವುಗಳ ಬಗ್ಗೆ ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರಹಾವು, ಹೆಬ್ಬಾವು, ಕೇರೆ ಯಾವುದನ್ನೂ ಹಿಡಿದು ಸಾಕುವಂತಿಲ್ಲ, ಮಾರುವಂತಿಲ್ಲ. ಆದರೂ ಈ ಒಣ ಕೆಂಪು ಮಣ್ಣಿನ ಮಣ್ಣುಮುಕ್ಕ ಹಾವನ್ನು ಎರಡು ತಲೆ ಹಾವು ಎಂದು ಕರೆದು, ನಿಧಿ ತೋರಿಸುತ್ತದೆ ಎಂದು ನಂಬಿಸಿ ಕದ್ದು ಮಾರುವ ಜಾಲ ಕರ್ನಾಟಕದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತದೆ. ಅದಕ್ಕೆ ಎರಡು ತಲೆಯಿಲ್ಲ, ಬಾಲ ಮೊಂಡಾಗಿದೆ ಅಷ್ಟೆ. ತೂಕಕ್ಕೆ ಬೆಲೆಯಾದ್ದರಿಂದ ಹೊಟ್ಟೆಗೆ ಲೋಹದ ಗುಂಡು ತುರುಕಿದ ಪ್ರಕರಣಗಳಿವೆ. ಅಲ್ಲಿ ಕುಂದು ಹುಟ್ಟಿನದಲ್ಲ, ಕೈಯಾರೆ ಮಾಡಿದ್ದು.

ವಿದೇಶಿ ಹಾವಿಗೆ ಬೇರೆ ದಾರಿ. 2020ರ ಜೂನಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿದೇಶಿ ಪ್ರಾಣಿ ಸಾಕಿದವರು ಆರು ತಿಂಗಳೊಳಗೆ ತಾವಾಗಿ ಘೋಷಿಸಿದರೆ ಕಾಗದ ಕೇಳುವುದಿಲ್ಲ ಎಂದಿತು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಜೀವಿಗಳು ನಾಲ್ಕನೇ ಅನುಸೂಚಿಗೆ ಬಂದವು. ಬಾಲ್ ಪೈಥಾನ್ ಆ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಇವನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಹಸ್ತಾಂತರ, ಜನನ, ಮರಣ ವರದಿ ಮಾಡಬೇಕು. ಎಲ್ಲ ಒಳ್ಳೆಯದೇ. ಆದರೆ ಈ ಕಾನೂನಿನ ಕಣ್ಣಿರುವುದು ಪ್ರಾಣಿ ಎಲ್ಲಿಂದ ಬಂತು ಎಂಬುದರ ಮೇಲೆ. ಯಾವುದನ್ನು ಯಾವುದರ ಜೊತೆ ಕೂಡಿಸಬಾರದು ಎಂದು ಅದು ಹೇಳುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಗೆ ಹೋದರೆ, ಮೊದಲ ಸಲ ತಪ್ಪಿತಸ್ಥನಾದವನಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಇಲಿಯ ಬೆಲೆಗೂ ಸಾಲದು. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳು ತಳಿಗಾರ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಎಂಬ ಮಟ್ಟಿಗಾದರೂ ಬಂದಿವೆ. ಹಾವಿಗೆ ಅಂಥ ನಿಯಮವಿಲ್ಲ.

ಹೊರಗಿನವರು ಈ ದಾರಿಯಲ್ಲಿ ಕೊಂಚ ಮುಂದೆ ಹೋಗಿದ್ದಾರೆ. ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆಯ 11ಬಿ ಕಲಂ, ಹುಟ್ಟುವ ಮರಿಗೆ ನೋವು, ಊನ ಬರುತ್ತದೆಂದು ನಿರೀಕ್ಷಿಸಬಹುದಾದ ಕೂಡಿಕೆಯನ್ನೇ ನಿಷೇಧಿಸುತ್ತದೆ. ನಾರ್ವೆಯ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ, ಹೃದಯ ಮತ್ತು ತಲೆಬುರುಡೆಯ ತೊಂದರೆಗಳಿಂದ ನರಳುವ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯನ್ನು ಈಗಿನ ರೀತಿಯಲ್ಲಿ ಬೆಳೆಸುವುದು ಕಾನೂನುಬಾಹಿರ ಎಂದಿತು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಲಾಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನು ತಾನಾಗಿ ನಿಲ್ಲಿಸಿತು. ಸರಕಾರ ಹೇಳಿದ್ದಲ್ಲ, ಹವ್ಯಾಸಿಗಳದೇ ತೀರ್ಮಾನ.

ಇಷ್ಟನ್ನು ಒಟ್ಟಿಗಿಟ್ಟು ನೋಡಿದಾಗ ತಿಳಿಸಿ ಮಾರಿದರೆ ಸಾಕು ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಪಾಪದ ವಾದವೇನಲ್ಲ, ಅರ್ಧ ಸತ್ಯ ಅದು. ಅಡಗಿದ ದೋಷಕ್ಕೆ ತಿಳಿಸುವುದೇ ಮದ್ದು. ಈ ಹಾವು ಇಂಥ ಜೀನಿನ ವಾಹಕ, ಇನ್ನೊಂದು ವಾಹಕದ ಜೊತೆ ಕೂಡಿಸಬೇಡ ಎಂದರೆ ಮರಿಗಳು ಬಚಾವು. ಆದರೆ ತಲೆ ನಡುಗುವ ಹಾವನ್ನು ನಡುಗುತ್ತದೆ ಎಂದು ಹೇಳಿಯೇ ಮಾರಿದಾಗ ಬಚಾವಾದವರು ಯಾರು? ಕೊಂಡವನಿಗೆ ಮೋಸವಾಗಲಿಲ್ಲ, ಮಾರಿದವನ ಮನಸ್ಸು ಹಗುರಾಯಿತು. ಹಾವಿನ ಕಿವಿ ಇದ್ದಹಾಗೇ ಇದೆ. ವ್ಯಾಪಾರದ ಪ್ರಾಮಾಣಿಕತೆ ಇಬ್ಬರು ಮನುಷ್ಯರ ನ್ಯಾಯ. ಮೂರನೆಯ ಕಕ್ಷಿ ಪೆಟ್ಟಿಗೆಯೊಳಗಿದೆ. ಅದಕ್ಕೆ ನೋವಾಗುತ್ತದೆಯೇ, ನೀವು ಸಾಬೀತು ಮಾಡಿ ಎನ್ನುತ್ತಾರೆ. ಹಾವು ಕೂಗುವುದಿಲ್ಲ, ಮುಖ ಸೊಟ್ಟ ಮಾಡುವುದಿಲ್ಲ, ಆದ್ದರಿಂದಲೇ ಸಾಬೀತು ಮಾಡುವ ಭಾರ ಲಾಭ ಮಾಡುವವನ ಮೇಲಿರಬೇಕು. ಮೇಲು ಕೆಳಗು ಗೊತ್ತಾಗದ ಪ್ರಾಣಿ ಸುಖವಾಗಿದೆ ಎಂದು ಆತನೇ ತೋರಿಸಲಿ.

ಕಳ್ಳ ದಾರಿಯ ವ್ಯಾಪಾರ ಈ ಹೊಣೆಯನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಪೆಟ್ಟಿಗೆಯಲ್ಲಿ ಬಂದ ಮರಿಗೆ ಅಪ್ಪ ಅವ್ವನ ಲೆಕ್ಕವಿಲ್ಲ. ಬಿಳಿ ಬಣ್ಣದ ಸೊಗಸಾದ ಮರಿಯಲ್ಲಿ ಸ್ಪೈಡರ್ ಜೀನ್ ಮುಚ್ಚಿಕೊಂಡಿರಲೂಬಹುದು, ಬಣ್ಣದ ಮೇಲೆ ಬಣ್ಣ ಕೂತಾಗ ಗೆರೆ ಕಾಣುವುದಿಲ್ಲ. ಕಾಗದವಿಲ್ಲದೆ ಕೊಂಡವನು ದೂರು ಕೊಡಲು ಠಾಣೆಗೂ ಹೋಗಲಾರ, ಗ್ರಾಹಕರ ನ್ಯಾಯಾಲಯಕ್ಕೂ ಹೋಗಲಾರ. ಚಿಕಿತ್ಸೆಗೂ ಅಳುಕು. ಹಡಗಲಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಪಶು ಆಸ್ಪತ್ರೆ ಕಟ್ಟಿರುವುದು ದನ, ಎಮ್ಮೆ, ಕುರಿಗಾಗಿ. ಸಾಕಣೆಯಲ್ಲಿ ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಕಾಲೇಜು ಹುಡುಗನ ಶೋಕಿಗೆ ಕೊಂಡದ್ದು ಅವನ ಮಗಳ ಮದುವೆಯವರೆಗೂ ಇದ್ದೀತು. ಸಾಕಾದ ದಿನ ಕೆರೆ ದಂಡೆಗೆ ಬಿಟ್ಟು ಬರುವುದು ಇನ್ನೊಂದು ಅಪರಾಧ. ನಮ್ಮ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಹೊರನಾಡಿನ ಹಾವುಗಳನ್ನೂ ಅವುಗಳ ಮೈಮೇಲಿನ ಉಣ್ಣಿಗಳನ್ನೂ ಅಂಥ ಕಡೆ ಬಿಡುವಷ್ಟು ನಾವು ಉದಾರಿಗಳಾಗಬೇಕಿಲ್ಲ.

ಕುಂದಿನ ಮರಿ ಹುಟ್ಟಿಯೇ ಬಿಟ್ಟಿದ್ದರೆ? ಹುಟ್ಟಿಸಿದವನೇ ಇಟ್ಟುಕೊಳ್ಳಬೇಕು ಎಂಬುದು ನನ್ನ ನಿಲುವು. ಕಡಿಮೆ ಬೆಲೆಗೆ ತಳ್ಳಿದರೆ, ದುಡ್ಡಿಲ್ಲದವನ ಕೈಗೆ ಹೆಚ್ಚು ಖರ್ಚಿನ ಪ್ರಾಣಿ ಹೋಗುತ್ತದೆ. ಕೊಟ್ಟರೂ ತಳಿಗೆ ಬಳಸದವರಿಗೆ, ಆಗದಿದ್ದರೆ ವಾಪಸ್ ತರುವ ಮಾತಿನ ಮೇಲೆ ಕೊಡಬೇಕು. ಉಣ್ಣಲೂ ಆಗದ ಮರಿಯನ್ನು ಕೊನೆಗಾಣಿಸುವುದಾದರೆ ವೈದ್ಯರ ಕೈಯಲ್ಲಿ ಆಗಬೇಕು. ಫ್ರೀಜರಿಗೆ ಹಾಕಿಬಿಡುವ ಅಭ್ಯಾಸ ಹಾವು ಸಾಕುವವರಲ್ಲಿ ಇದೆ, ತಣ್ಣಗಿನ ರಕ್ತಕ್ಕೆ ಅದು ನಿದ್ದೆಯಂತೆ ಎಂಬ ನಂಬಿಕೆಯಿಂದ. ಪಶುವೈದ್ಯರ ಮಾರ್ಗಸೂಚಿಗಳು ಅದನ್ನು ಒಪ್ಪುವುದಿಲ್ಲ. ಇವೆಲ್ಲ ಖರ್ಚಿನ ಬಾಬತ್ತು ಎಂದು ಸಾಕಣೆದಾರರು ಹೇಳುತ್ತಾರೆ. ನಿಜ. ಕುಂದಿನ ಮರಿಯ ಇಪ್ಪತ್ತು ವರ್ಷದ ಇಲಿಯ ಖರ್ಚು ಆ ಕೂಡಿಕೆಯ ಲೆಕ್ಕದಲ್ಲೇ ಬರೆಯಬೇಕಾಗಿ ಬಂದರೆ ಅರ್ಧ ಕೂಡಿಕೆಗಳು ತಾವಾಗಿ ನಿಲ್ಲುತ್ತವೆ.

ಸರಕಾರ ಇದಕ್ಕೆಂದು ಹೊಸ ಕಾಯ್ದೆ ತರಬೇಕಿಲ್ಲ. ಜನನ ವರದಿ ಮಾಡಬೇಕೆಂಬ ನಿಯಮ ಇದ್ದೇ ಇದೆ. ಆ ವರದಿಯಲ್ಲಿ ತಂದೆ ತಾಯಿಯ ಮಾರ್ಫ್ ಯಾವುದು, ಇಟ್ಟ ಮೊಟ್ಟೆಗಳಲ್ಲಿ ಒಳಗೇ ಸತ್ತವು ಎಷ್ಟು, ಬೆನ್ನು ಸೊಟ್ಟಗಾಗಿ ಹುಟ್ಟಿದವು ಎಷ್ಟು, ತಲೆ ನಡುಗುವವು ಎಷ್ಟು ಎಂದು ಕಡ್ಡಾಯವಾಗಿ ಬರೆಸಲಿ, ಆ ವಿವರ ಕೊಳ್ಳುವವನಿಗೂ ಕಾಣುವಂತಿರಲಿ. ಹೋಲ್‌ಸ್ಟೀನ್ ಹೋರಿಗೆ ಮಾಡಿದ ಹಾಗೆ ಬಾಲ್ ಪೈಥಾನ್‌ಗೂ ಬಳಸಬಾರದ ಜೀನ್‌ಗಳ ಪಟ್ಟಿ ಮಾಡಲು ಬೇಕಾದ ಲೆಕ್ಕ ಕೆಲವೇ ವರ್ಷಗಳಲ್ಲಿ ಅರಣ್ಯ ಇಲಾಖೆಯ ಕೈಯಲ್ಲೇ ಇರುತ್ತದೆ. ಸ್ಪೈಡರ್, ವೋಮಾ, ಶಾಂಪೇನ್‌ಗಳನ್ನು ಆ ಪಟ್ಟಿಗೆ ಸೇರಿಸಲು ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ.